ತಾಯಿಗೆ ಹೇಳಿದ ಮಾತು

ತಂಗಿಯ ಬಾಣಂತನಕ್ಕೆಂದು ಅಮ್ಮನ ಜೊತೆ ತಂಗಿಯ ಮನೆಗೆ ಬಂದಿದ್ದಾಗ, ಮಗುವಿನ ಬಟ್ಟೆ ಒಗೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಸ್ನಾನ ಮಾಡಿಸುವುದು ಅಮ್ಮನ ಕೆಲಸ, ಹಾಲು ಕುಡಿಸುವುದು ತಂಗಿಯದು, ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದು ತಂಗಿಯ ಗಂಡನದು, ಬಂದು ಇಣುಕಿ ಮೂಗು ಯಾರದು ಗಲ್ಲ ಯಾರದು ಎಂದು ತೀರ್ಪು ಕೊಡುವುದು ಅಕ್ಕಪಕ್ಕದವರದು, ಉಳಿದದ್ದು ಬಕೆಟ್ಟು. ಅವಳೇನೂ ಬೇಸರ ಮಾಡಿಕೊಂಡಿರಲಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಂಗೈಯಗಲದ ಆ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸುವಾಗ, ಯಾರ ಕಣ್ಣಿಗೂ ಬೀಳದ ಒಂದು ಸಲಿಗೆ ಮಗುವಿಗೂ ತನಗೂ ನಡುವೆ ಬೆಳೆಯುತ್ತಿದೆ ಎನ್ನಿಸುತ್ತಿತ್ತು. ಆ ಬೆಳಿಗ್ಗೆ ಒಂದು ಬಿಳಿ ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಅವಳ ಕೈ ತಡೆಯಿತು. ಕಲೆ ಗಾಢ ಹಳದಿಯಾಗಿತ್ತು, ಚಹಾ ಚೆಲ್ಲಿ ಒಣಗಿದ ಹಾಗೆ. ಹಸುಗೂಸಿನ ಮೂತ್ರ ಹೆಚ್ಚುಕಡಿಮೆ ನೀರಿನ ಹಾಗಿರಬೇಕು ಎಂದು ಯಾರೋ ಹೇಳಿದ್ದರಲ್ಲ. ಯಾರು ಹೇಳಿದ್ದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಅಗತ್ಯಕ್ಕಿಂತ ಹೆಚ್ಚು ಸೋಪು ಹಚ್ಚಿ ಉಜ್ಜಿದಳು.

ಹೇಳಿದವಳು ಆಸ್ಪತ್ರೆಯ ನರ್ಸು. ಮನೆಗೆ ಹೊರಡುವ ದಿನ ಅಮ್ಮ ತಂಗಿಯನ್ನು ಕೈಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋಗಿದ್ದಳು. ತಂಗಿಯ ಗಂಡ ಆಟೋ ಹುಡುಕಲು ಕೆಳಗಿಳಿದಿದ್ದ. ಬೇರೆ ಯಾರೂ ಇಲ್ಲದ್ದರಿಂದ ಅಮ್ಮ ಮಗುವನ್ನು ಅವಳ ಕೈಗೆ ಕೊಟ್ಟಿದ್ದಳು. "ಕತ್ತಿನ ಕೆಳಗೆ ಕೈ ಕೊಡು. ಹುಷಾರು, ನಿಂಗೆ ಅಭ್ಯಾಸ ಇಲ್ಲ" ಎಂದಿದ್ದಳು. ಮೊದಲ ದಿನವೂ ಹಾಗೆಯೇ ಆಗಿತ್ತು. ಹೆರಿಗೆ ಕೋಣೆಯ ಬಾಗಿಲಲ್ಲಿ ಅವಳು ಎರಡೂ ಕೈ ಚಾಚಿ ನಿಂತಿದ್ದಾಗ, ಆ ಕೈಗಳ ಮೇಲಿಂದಲೇ ಮಗುವನ್ನು ತಂಗಿಯ ಅತ್ತೆಗೆ ದಾಟಿಸಿ ಅಮ್ಮ ಇದೇ ಮಾತು ಹೇಳಿದ್ದಳು. ಚಾಚಿದ ಕೈಗಳನ್ನು ಏನು ಮಾಡುವುದೆಂದು ತೋಚದೆ ಅವಳು ಸೆರಗು ಸರಿಮಾಡಿಕೊಂಡಿದ್ದಳು. ಈ ಸಲ ಕಿಟಕಿಯ ಹತ್ತಿರ ನಿಂತು, ಆ ಬಿಸಿ ಬಿಸಿ ಭಾರವನ್ನು ಎದೆಗೊತ್ತಿಕೊಂಡು, ಉಸಿರಾಡಿದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ಅರ್ಧರ್ಧ ಉಸಿರಾಡುತ್ತಿದ್ದಳು. ದಪ್ಪ ಕನ್ನಡಕದ ನರ್ಸು, ಡ್ಯೂಟಿ ಮುಗಿಸಿ ಹೆಗಲಿಗೆ ಚೀಲ ಏರಿಸಿಕೊಂಡವಳು, ಬಾಗಿಲಿಂದ ಹಿಂದಿರುಗಿ ಬಂದಳು.

"ಡಾಕ್ಟ್ರು ಹೇಳ್ಬೇಕಿತ್ತು, ಹೆರಿಗೆ ಅಂತ ಅರ್ಜೆಂಟಾಗಿ ಹೋದ್ರು. ನೋಡಮ್ಮ, ನಿನ್ ರಕ್ತ ಓ ಗುಂಪು, ಮಗೂದು ಬಿ. ಇಂಥ ಮಕ್ಕಳಿಗೆ ಕಾಮಾಲೆ ಏರೋದು ಜಾಸ್ತಿ. ಮುಖ ಸ್ವಲ್ಪ ಹಳದಿ ಆದ್ರೆ ಗಾಬರಿ ಬೇಡ, ಎಷ್ಟೋ ಮಕ್ಕಳಿಗೆ ಆಗುತ್ತೆ. ಅದೇ ಹಳದಿ ಎದೆಗೆ, ಹೊಟ್ಟೆಗೆ, ಕಾಲಿಗೆ ಇಳೀತಾ ಹೋದ್ರೆ ಕಾಯ್ತಾ ಕೂರ್‍ಬೇಡ. ಹಗಲು ಬೆಳಕಲ್ಲಿ ಹೀಗೆ ಬೆರಳಿಂದ ಒತ್ತಿ ಬಿಟ್ಟು ನೋಡು. ಹಾಲು ಬಿಟ್ಟು ಬರೀ ನಿದ್ದೆ ಮಾಡಿದ್ರೂ, ಉಚ್ಚೆ ಹಳದಿ ಆದ್ರೂ ತಕ್ಷಣ ಬಾ. ಏನೂ ಕಾಣ್ದೇ ಇದ್ರೂ ನಾಡಿದ್ದು ಒಂದ್ಸಲ ತಂದು ತೋರಿಸು. ಬರ್ತೀಯಲ್ಲ?"

"ಬರ್ತೀನಿ" ಎಂದಳು ಅವಳು.

ಕರ್ಕೊಂಡು ಬರ್ತೀವಿ ಎನ್ನಬಹುದಿತ್ತು. ನಾನಲ್ಲ, ತಾಯಿ ಒಳಗಿದ್ದಾಳೆ ಎನ್ನಬಹುದಿತ್ತು. ಬಾತ್‌ರೂಮಿನ ಬಾಗಿಲು ಕೂಗಳತೆಯಲ್ಲಿತ್ತು. ಆದರೆ ನರ್ಸು ಅವಳ ತೋಳು ತಟ್ಟಿ, "ದಣಿದಿದ್ದೀಯ, ನೀನೂ ಹೊಟ್ಟೆ ತುಂಬ ಊಟ ಮಾಡು" ಎಂದುಬಿಟ್ಟಳು. ಯಾರೂ ಅವಳಿಗೆ ಆ ದನಿಯಲ್ಲಿ ಆ ಮಾತು ಹೇಳಿರಲಿಲ್ಲ. ನರ್ಸಿನ ಚಪ್ಪಲಿ ಸದ್ದು ಕಾರಿಡಾರಿನ ಕೊನೆ ಮುಟ್ಟುವವರೆಗೂ ಅವಳು ತಾಯಿಯ ಹಾಗೆಯೇ ತಲೆಯಾಡಿಸುತ್ತ ನಿಂತಿದ್ದಳು. ತಂಗಿ ಹೊರಗೆ ಬಂದಾಗ ಎಲ್ಲವನ್ನೂ ಹೇಳಲೆಂದೇ ಬಾಯಿ ತೆರೆದಳು. "ಅಯ್ಯೋ, ಕೊಡು ಕೊಡು, ಕತ್ತು ವಾಲಿದೆ" ಎಂದು ತಂಗಿ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. ತೆರೆದ ಬಾಯಿ ಮುಚ್ಚಿತು. ಆಟೋದಲ್ಲಿ ಹೇಳಿದರಾಯಿತು ಎಂದುಕೊಂಡಳು, ಆಟೋದಲ್ಲಿ ತಂಗಿಯ ಗಂಡ ಹಾಡು ಗುನುಗುತ್ತಿದ್ದ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡಳು, ಮನೆ ತುಂಬ ನೋಡಲು ಬಂದವರು. ಹೇಳುವುದು ತಡವಾದಷ್ಟೂ ಹೇಳಬೇಕಾದದ್ದರ ಜೊತೆಗೆ ಯಾಕೆ ಮೊದಲೇ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿ ಬಂದು, ಎತ್ತಲಾರದಷ್ಟು ಭಾರವಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಮಾತನ್ನು ತಂಗಿಗೆ ಒಪ್ಪಿಸಿಬಿಟ್ಟರೆ ಅದು ತಂಗಿಯದಾಗುತ್ತಿತ್ತು. ಮಲಗುವಾಗ ಅದನ್ನು ಒಳಗೊಳಗೇ ಮತ್ತೆ ಮತ್ತೆ ಹೇಳಿಕೊಂಡಿದ್ದಳು: ನಿನ್ ರಕ್ತ ಓ ಗುಂಪು, ಮಗೂದು ಬಿ. ಅವಳ ರಕ್ತ ಯಾವ ಗುಂಪಿನದೋ, ಮರೆತು ಎಷ್ಟೋ ಕಾಲವಾಗಿತ್ತು. ನಾಡಿದ್ದು ಎಂಬುದು ಈಗ ನಿನ್ನೆಯಾಗಿ ಹೋಗಿತ್ತು.

ಒಗೆದ ಬಟ್ಟೆ ಹರವಲು ಬಾಲ್ಕನಿಗೆ ಹೋಗುವಾಗ ನೋಡಿದರೆ ಅಮ್ಮ ಅಡುಗೆಮನೆಯಲ್ಲಿದ್ದಳು, ತಂಗಿ ಸ್ನಾನಕ್ಕೆ ಹೋಗಿದ್ದಳು, ಮಗು ಮಂಚದ ಮೇಲೆ ಒಂದೇ ಮಲಗಿತ್ತು. ಅವಳು ಅದನ್ನು ಎತ್ತಿಕೊಂಡು ಬಾಲ್ಕನಿಯ ಬೆಳಕಿಗೆ ಬಂದಳು. ಹಣೆಯ ಮೇಲೆ ಹೆಬ್ಬೆರಳೊತ್ತಿ ಬಿಟ್ಟಳು. ಅಂಗಿ ಎತ್ತಿ ಎದೆಯ ಮೇಲೆ ಒತ್ತಿದಳು, ಹೊಕ್ಕುಳ ಕೆಳಗೆ ಒತ್ತಿದಳು, ತೊಡೆಯ ಮೇಲೆ ಒತ್ತಿದಳು. ಬೆರಳು ತೆಗೆದಲ್ಲೆಲ್ಲ, ರಕ್ತ ಹಿಂದಿರುಗುವ ಮುಂಚಿನ ಆ ಒಂದು ಕ್ಷಣ, ಚರ್ಮ ಮಾಗಿದ ಹಣ್ಣಿನ ಸಿಪ್ಪೆಯ ಹಳದಿಯನ್ನು ತೋರಿಸಿ ಮರೆಯಾಯಿತು. ಮಗು ಎಚ್ಚರಾಗಲಿಲ್ಲ. ಇಷ್ಟು ಒತ್ತಿದರೂ ಯಾಕೆ ಎಚ್ಚರಾಗುತ್ತಿಲ್ಲ ಎಂದುಕೊಳ್ಳುವಷ್ಟರಲ್ಲಿ ಬಾತ್‌ರೂಮಿನ ಚಿಲಕ ಸದ್ದಾಯಿತು. ಕದ್ದವಳ ಹಾಗೆ ಒಳಗೋಡಿ ಮಗುವನ್ನು ಇದ್ದಲ್ಲೇ ಮಲಗಿಸಿದಳು.

"ಮಗು ಸ್ವಲ್ಪ ಹಳದಿ ಕಾಣಲ್ವಾ?" ಎಂದಳು ತಿಂಡಿ ಹೊತ್ತಿಗೆ, ತಟ್ಟೆ ನೋಡುತ್ತಲೇ.

"ಪರದೆ ಬೆಳಕು ಕಣೆ ಅದು" ಎಂದಳು ಅಮ್ಮ. "ಆ ರೂಮಲ್ಲಿ ನಾನೂ ಹಳದೀನೇ. ನೀನೇ ತಾನೆ ಹೊಲಿದು ಕೊಟ್ಟಿದ್ದು?"

ನಿಜ, ಪರದೆ ಅವಳೇ ಹೊಲಿದದ್ದು. ಅವಳು ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸದವಳು. ತಂಗಿ ಬಸುರಿ ಎಂದು ತಿಳಿದಾಗ ಜೇನಿನ ಬಣ್ಣದ ದಪ್ಪ ಬಟ್ಟೆ ಆರಿಸಿ, ನೆರಿಗೆ ಹಿಡಿದು, ಒಳಗೆ ಅಸ್ತರು ಕೊಟ್ಟು, ಹಗಲಲ್ಲೂ ಮಗು ನೆಮ್ಮದಿಯಾಗಿ ಮಲಗಲಿ ಎಂದು ಹೊಲಿದು ತಂದಿದ್ದಳು.

"ನಿನ್ನೆ ಹಾಲೂ ಸರಿಯಾಗಿ ಕುಡೀಲಿಲ್ಲ, ಬರೀ ನಿದ್ದೆ."

"ಅಳಲ್ಲ, ರಚ್ಚೆ ಇಲ್ಲ, ಬಂಗಾರದಂಥ ಮಗು ಅಂತ ಎಲ್ರೂ ಅಂತಿದಾರೆ" ಎಂದಳು ತಂಗಿ. ಅವಳ ಕಣ್ಣು ಆಗಲೇ ತುಂಬಿತ್ತು. "ಅಕ್ಕಾ, ನಿನ್ ಬಾಯಲ್ಲಿ ಒಂದೇ ಒಂದು ಒಳ್ಳೆ ಮಾತು ಬರಲ್ವಾ? ಹೊಟ್ಟೆ ಸಣ್ಣಗಿದೆ ಅಂದೆ. ಹುಟ್ಟಿದ್ಮೇಲೆ ತೂಕ ಕಮ್ಮಿ ಅಂದೆ. ಈಗ ಬಣ್ಣ."

ಅಮ್ಮ ಚಟ್ನಿ ಬಟ್ಟಲನ್ನು ಅವಳ ಮುಂದಿನಿಂದ ತಂಗಿಯ ಮುಂದಕ್ಕೆ ಸರಿಸಿದಳು. ಹೊಟ್ಟೆಕಿಚ್ಚು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಡದೆಯೇ ಅದು ಅವಳ ಜೊತೆ ಊಟಕ್ಕೆ ಕೂರುತ್ತಿತ್ತು. ಅವಳು ಕೈ ತೊಳೆದು, ಚೀಲ ತೆಗೆದುಕೊಂಡು, ಅಂಗಡಿಗೆ ಹೊರಟಳು. ಹೇಳಬೇಕಾದದ್ದನ್ನು ಹೇಳಿದ್ದಾಯಿತು, ಕೇಳದಿದ್ದರೆ ಅವರ ಹಣೆಬರಹ ಎಂದು ಮೆಟ್ಟಿಲಿಳಿಯುತ್ತ ತನಗೆ ತಾನೇ ಹೇಳಿಕೊಂಡಳು. ಬೀದಿಗೆ ಬರುವಷ್ಟರಲ್ಲಿ ಆ ಸಮಾಧಾನ ಹಳಸಿತ್ತು. ಹೇಳಬೇಕಾದದ್ದನ್ನು ಅವಳು ಹೇಳಿರಲೇ ಇಲ್ಲ. ಹಳದಿ ಎಂದಿದ್ದಳು, ನರ್ಸು ಎಂದಿರಲಿಲ್ಲ.

ಅಂಗಡಿಯ ಹಿಂಬದಿಯಲ್ಲಿ ಅವಳ ಮೆಷಿನ್ನು. ಮುಂದೆ ಯಜಮಾನ ಗಿರಾಕಿಗಳಿಗೆ ಬಟ್ಟೆಯ ಥಾನುಗಳನ್ನು ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದ. ಅವಳು ಯಾರದೋ ಹೋಟೆಲಿನ ಕಿಟಕಿಗಳಿಗೆ ಅಂಚು ಮಡಿಚಿ ಹೊಲಿಯುತ್ತಿದ್ದಳು. ಬಟ್ಟೆ ಸೂಜಿಯಡಿ ಹರಿಯುತ್ತಿತ್ತು, ಮನಸ್ಸು ಬಾಲ್ಕನಿಯಲ್ಲಿತ್ತು. ತೊಡೆಯ ಮೇಲಿಂದ ಬೆರಳು ತೆಗೆದಾಗ ಆದದ್ದೇನು? ಭಯವಾಯಿತು, ಅದು ಸರಿ. ಭಯಕ್ಕಿಂತ ಮುಂಚೆ, ಭಯಕ್ಕಿಂತ ಬೇಗ, ಇನ್ನೇನೋ ಒಂದು ಬಂದು ಹೋಗಿತ್ತಲ್ಲ. ಬಹಳ ಕಾಲ ಬಿಗಿದಿದ್ದ ಗಂಟೊಂದು ತುಸು ಸಡಿಲವಾದ ಹಾಗೆ. ಎಲ್ಲರೂ ಬಂಗಾರ ಎನ್ನುವ ಮಗುವಿನಲ್ಲಿ ಒಂದು ಕುಂದು, ಅದು ತನಗೊಬ್ಬಳಿಗೆ ಕಂಡ ಕುಂದು. ತನ್ನ ಗರ್ಭ ಇಳಿದು ಹೋದಾಗ ತಂಗಿ ಹಾಸಿಗೆಯ ಪಕ್ಕ ಕುಳಿತು, ಇರಲಿ ಬಿಡಕ್ಕ, ಇನ್ನೊಂದಾಗುತ್ತೆ ಎಂದಿದ್ದಳು, ಉಗುರಿನ ಬಣ್ಣ ನೋಡಿಕೊಳ್ಳುತ್ತ. ಆ ಉಗುರುಗಳು ಈಗ ಯಾಕೆ ನೆನಪಾಗಬೇಕು? ಲಿಫ್ಟ್ ರಿಪೇರಿ ಮಾಡುವ ತನ್ನ ಗಂಡನಿಗೆ ಹೇಳಿದರೆ, ಎಲ್ಲ ಕೇಳಿ, ಮೇಲೂ ಹೋಗದ ಕೆಳಗೂ ಬಾರದ ದನಿಯಲ್ಲಿ ಹೂಂ ಎನ್ನುತ್ತಾನೆ. ತಾನು ಅಷ್ಟು ಕೆಟ್ಟವಳೇ? ಕೆಟ್ಟವಳಾಗಿದ್ದರೆ ಹೀಗೆ ಕೇಳಿಕೊಳ್ಳುತ್ತಿದ್ದೆನೇ? ಹೀಗೆ ಕೇಳಿಕೊಳ್ಳುವುದೂ ಹೊತ್ತು ಕಳೆಯುವ ಉಪಾಯವಲ್ಲವೇ? ಅಂಚು ಸೊಟ್ಟಗೆ ಓಡಿತ್ತು. ಹೊಲಿಗೆ ಬಿಚ್ಚಲು ಬ್ಲೇಡು ಹುಡುಕಿದಳು.

ಮುಂದೆ ಗಿರಾಕಿ ಹೆಂಗಸೊಬ್ಬಳು ಬಟ್ಟೆಯೊಂದನ್ನು ಹಿಡಿದು ಇದು ಕೆನೆ ಬಣ್ಣವೋ ಹಳದಿಯೋ ಎಂದು ಗಂಡನ ಜೊತೆ ವಾದಿಸುತ್ತಿದ್ದಳು. "ಟ್ಯೂಬ್‌ಲೈಟ್ ಕೆಳಗೆ ನಿಂತು ಜಗಳ ಆಡಿದ್ರೆ ಸಂಜೆವರೆಗೂ ಆಡ್ಬಹುದು ಮೇಡಂ" ಎಂದ ಯಜಮಾನ. "ಬಾಗಿಲಿಗೆ ತಗೊಂಡ್ಹೋಗಿ ನೋಡಿ. ಇಷ್ಟ ಆಗ್ದಿದ್ರೆ ನನ್ನ ಬೈಬೇಡಿ, ಸೂರ್ಯನ್ನ ಬೈಯಿರಿ." ಗಿರಾಕಿಗಳು ನಕ್ಕರು. ಅವಳು ಬ್ಲೇಡು ಹಿಡಿದವಳು ಹಾಗೆಯೇ ಕುಳಿತಳು. ಪರದೆಯ ಬೆಳಕು ಎಂದಿದ್ದಳು ಅಮ್ಮ. ಅಂಗಡಿಗೆ ಬರುವ ದಾರಿಯುದ್ದಕ್ಕೂ ಆ ಮಾತಿನ ಹಿಂದೆ ತಾನೂ ಅಡಗಿಕೊಂಡು ಬಂದಿದ್ದಳು, ಇರಬಹುದು, ಪರದೆಯೇ ಇರಬಹುದು ಎಂದು. ಆದರೆ ಬಾಲ್ಕನಿಯಲ್ಲಿ ಪರದೆ ಎಲ್ಲಿತ್ತು? ಅವಳು ಬ್ಲೇಡು ಇಟ್ಟು, ಚೀಲ ತೆಗೆದುಕೊಂಡು, ಯಜಮಾನನಿಗೂ ಹೇಳದೆ ಹೊರಬಿದ್ದಳು. ಮೊದಲು ಬೇಗ ಬೇಗ ನಡೆದಳು, ಆಮೇಲೆ ಜನ ನೋಡುತ್ತಿದ್ದಾರೆಂಬುದನ್ನೂ ಮರೆತು ಓಡಿದಳು.

ಮನೆಯಲ್ಲಿ ತಂಗಿ ಮಗುವನ್ನು ಎದೆಗೆ ಹಿಡಿದು ಕೂತಿದ್ದಳು. ಮಗುವಿನ ಬಾಯಿ ತೆರೆದೇ ಇತ್ತು, ಹಾಲು ಕಟವಾಯಿಯಿಂದ ಇಳಿದು ಕತ್ತಿನ ಮಡಿಕೆಗೆ ಸೇರುತ್ತಿತ್ತು. ಅಮ್ಮ ಅಂಗಾಲಿಗೆ ಬೆರಳಾಡಿಸುತ್ತ, "ಏಳೋ ಸೋಮಾರಿ" ಎನ್ನುತ್ತಿದ್ದಳು, ಆದರೆ ದನಿಯಲ್ಲಿ ಮುಂಚಿನ ಮುದ್ದು ಇರಲಿಲ್ಲ. ಅವಳು ಯಾರನ್ನೂ ಮಾತಾಡಿಸದೆ ಪರದೆಯನ್ನು ಪೂರ್ತಿ ಸರಿಸಿದಳು. ಹೊರಗಿನ ಬೆಳಕು ಮಂಚದ ಮೇಲೆ ಬಿತ್ತು. ಅಮ್ಮನ ಕೈಯಲ್ಲಿದ್ದ ಆ ಪುಟ್ಟ ಅಂಗಾಲೂ ಹಳದಿಯಾಗಿತ್ತು. ಮೂವರೂ ನೋಡಿದರು.

"ನಡೀರಿ ಆಸ್ಪತ್ರೆಗೆ" ಎಂದಳು ಅವಳು.

"ದಿನಾ ಬೆಳಿಗ್ಗೆ ಎಳೆಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂತಾರಪ್ಪ" ಎಂದಳು ಅಮ್ಮ. ಹೇಳುತ್ತಲೇ ಚಪ್ಪಲಿ ಹುಡುಕುತ್ತಿದ್ದಳು.

"ಇದು ಅದಕ್ಕೆ ಹೋಗೋದಲ್ಲ."

"ನಿಂಗ್ಯಾರು ಹೇಳಿದ್ರು?" ಎಂದು ಕೇಳಿದಳು ತಂಗಿ.

ಆಗಲೂ ಹೇಳಬಹುದಿತ್ತು. "ಅಂಗಡೀಗೆ ಬಂದಿದ್ದ ಒಬ್ರು" ಎಂದಳು ಅವಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದು ಬೆಳಿಗ್ಗೆಯಿಂದಲೇ ನಾಲಿಗೆಯ ತುದಿಯಲ್ಲಿ ಕಾಯುತ್ತಿದ್ದ ಹಾಗಿತ್ತು.

ಆಟೋದಲ್ಲಿ ಮಗು ಒಮ್ಮೆ ಅತ್ತಿತು. ಅಷ್ಟು ದಿನ ಅದು ಅಳುವುದಿಲ್ಲವೆಂದು ಹಿಗ್ಗಿದವರಿಗೆ ಆ ಅಳು ಕೇಳಿ ಮೈ ಜುಂ ಎಂದಿತು. ತೆಳ್ಳಗೆ, ಚೂಪಾಗಿ, ಗಾಜಿನ ಮೇಲೆ ಮೊಳೆ ಎಳೆದ ಹಾಗಿತ್ತು. ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತ ತೆಗೆದರು. ವರದಿ ಬರುವವರೆಗೂ ಕಾಯದೆಯೇ ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಡಾಕ್ಟರು ಚಿಕ್ಕ ವಯಸ್ಸಿನವಳು, ಕೂದಲನ್ನು ಪೆನ್ನಿನಲ್ಲಿ ಸುತ್ತಿ ಸಿಕ್ಕಿಸಿಕೊಂಡಿದ್ದಳು. ವರದಿ ಕೈಗೆ ಬಂದ ಮೇಲೆ ಸ್ಟೂಲು ಎಳೆದು ಅವರ ಎದುರಿಗೆ ಕೂತಳು. ನಿಂತುಕೊಂಡು ಹೇಳುವ ಮಾತಲ್ಲ ಎಂಬುದು ಆಗಲೇ ತಿಳಿಯಿತು.

"ಈಗಷ್ಟೇ ಹುಟ್ಟಿದ ಮಕ್ಕಳಲ್ಲಿ ಹಳೇ ರಕ್ತಕಣ ಒಡೆದು ಬಿಲಿರುಬಿನ್ ಅಂತ ಒಂದು ಹಳದಿ ಪದಾರ್ಥ ಆಗುತ್ತೆ. ಅದನ್ನ ಹೊರಗೆ ಹಾಕೋದು ಲಿವರ್ ಕೆಲಸ. ಎಳೇ ಲಿವರ್ ಇನ್ನೂ ಕಲೀತಾ ಇರುತ್ತೆ, ಅದಕ್ಕೇ ಎಷ್ಟೋ ಮಕ್ಕಳು ಸ್ವಲ್ಪ ಹಳದಿ ಆಗಿ ತಾನಾಗೇ ಸರಿಹೋಗೋದು. ಇಲ್ಲಿ ತಾಯಿ ರಕ್ತಕ್ಕೂ ಮಗು ರಕ್ತಕ್ಕೂ ಹೊಂದಾಣಿಕೆ ಇಲ್ಲ, ಕಣಗಳು ಬೇಗ ಬೇಗ ಒಡೀತಿವೆ. ಮಗು ಹಾಲೂ ಕುಡೀತಿಲ್ಲ, ಕುಡಿದಿದ್ರೆ ಮಲದಲ್ಲಿ ಒಂದಿಷ್ಟು ಹೋಗ್ತಿತ್ತು. ತುಂಬ ಏರಿದೆ. ಇನ್ನೂ ಏರಿದ್ರೆ ಅದು ಮಿದುಳಿಗೆ ಹೋಗುತ್ತೆ. ಈ ನೀಲಿ ಬೆಳಕು ಚರ್ಮದಲ್ಲಿರೋ ಬಿಲಿರುಬಿನ್‌ನ ಕರಗಿ ಹೋಗೋ ಹಾಗೆ ಮಾಡುತ್ತೆ. ಸಂಜೆ ಹೊತ್ತಿಗೆ ಇಳೀದೇ ಇದ್ರೆ ಮಗೂನ ರಕ್ತಾನೇ ಬದಲಾಯಿಸ್ಬೇಕು. ರಕ್ತ ತರಿಸಿಡ್ತಿದೀನಿ."

"ಮಿದುಳಿಗೆ ಹೋದ್ರೆ?" ಎಂದ ತಂಗಿಯ ಗಂಡ. ಶಾಲೆಯಲ್ಲಿ ಡ್ರಿಲ್ ಮಾಸ್ತರ, ಸುದ್ದಿ ತಿಳಿದು ಅಲ್ಲಿಂದಲೇ ಓಡಿ ಬಂದಿದ್ದ, ಕತ್ತಿನಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು.

"ಕಿವಿಗೆ ತೊಂದ್ರೆ ಆಗ್ಬಹುದು. ಕೈಕಾಲಿನ ಹಿಡಿತಕ್ಕೆ ತೊಂದ್ರೆ ಆಗ್ಬಹುದು. ಈಗಲೇ ಏನೂ ಹೇಳಕ್ಕಾಗಲ್ಲ. ಇವತ್ತೂ ತರದೇ ಇದ್ದಿದ್ರೆ ಹೇಳ್ಬಹುದಿತ್ತು. ಯಾರು ಮೊದಲು ಗಮನಿಸಿದ್ದು?"

"ನಮ್ ದೊಡ್ಡವಳು" ಎಂದಳು ಅಮ್ಮ. ಅವಳ ಕಡೆ ತಿರುಗಿ, ಎಷ್ಟೋ ವರ್ಷಗಳ ನಂತರ ಮೊದಲ ಸಲ ಅವಳ ಕೆನ್ನೆ ಮುಟ್ಟಿದಳು. "ನಾವು ಬೈದ್ರೂ ಕೇಳಲಿಲ್ಲ ಇವಳು, ಓಡಿ ಬಂದು ಹೊರಡಿಸಿದ್ಲು." ಡ್ರಿಲ್ ಮಾಸ್ತರ ಎದ್ದು ಬಂದು ಕೈ ಜೋಡಿಸಿದ. "ಅತ್ತಿಗೆ, ನಿಮ್ಮಿಂದ ನನ್ ಮಗು ಉಳೀತು" ಎಂದ. ಅವಳು ಗೋಡೆಗೊರಗಿ ನಿಂತಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಬಯ್ಗುಳಕ್ಕೆ ಮೈ ಎಲ್ಲಿ ಕೊಡಬೇಕೆಂದು ಗೊತ್ತಿತ್ತು, ಹೊಗಳಿಕೆಗೆ ಗೊತ್ತಿರಲಿಲ್ಲ. ಅದಕ್ಕಿಂತಲೂ ಹೇಸಿಗೆಯೆನಿಸಿದ್ದು, ಆ ಹೊಗಳಿಕೆ ಒಳಗೆಲ್ಲೋ ಬೆಚ್ಚಗೆ ಇಳಿಯುತ್ತಿದ್ದದ್ದು. ಇದು ಹೀಗೆಯೇ ಉಳಿದುಬಿಡಲಿ, ಯಾರಿಗೂ ಗೊತ್ತಾಗದೆ ಇರಲಿ ಎಂದು ಅವಳು ಬಯಸಿದಳು. ಗಾಜಿನಾಚೆ, ನೀಲಿ ಬೆಳಕಿನಲ್ಲಿ, ಕಣ್ಣುಕಟ್ಟಿದ ಮಗು ಕೈಗಳನ್ನು ಮೇಲೆತ್ತಿ ಮಲಗಿತ್ತು, ಯಾರಿಗೋ ಶರಣಾದ ಹಾಗೆ.

ಮಧ್ಯಾಹ್ನದ ಪಾಳಿಗೆ ದಪ್ಪ ಕನ್ನಡಕದ ನರ್ಸು ಬಂದಳು. ಗಾಜಿನ ಹತ್ತಿರ ಹೋಗಿ ಚೀಟಿ ಓದಿ, ಮಗುವನ್ನು ನೋಡಿ, ಹಿಂದಿರುಗಿದವಳ ಕಣ್ಣು ನೇರವಾಗಿ ಅವಳ ಮೇಲೆ ಬಿತ್ತು.

"ಏನಮ್ಮ ನೀನು? ನಾಡಿದ್ದು ತಂದು ತೋರಿಸು ಅಂತ ಬಿಡಿಸಿ ಬಿಡಿಸಿ ಹೇಳಿರಲಿಲ್ವಾ? ಒತ್ತಿ ನೋಡೋದು ಹೇಗೆ ಅಂತ ತೋರಿಸಿದ್ದೆ. ಬರ್ತೀನಿ ಅಂದೆ. ಹೆತ್ತವಳಾಗಿ ಇಷ್ಟು ಅಸಡ್ಡೆ ಮಾಡೋದಾ?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. "ತಾಯಿ ಇವಳು" ಎಂದು ಅಮ್ಮ ತಂಗಿಯನ್ನು ತೋರಿಸಿದಳು, ಇನ್ನೂ ಅರ್ಥವಾಗದೆ. ನರ್ಸು ಒಬ್ಬಳನ್ನು ಬಿಟ್ಟು ಒಬ್ಬಳನ್ನು ನೋಡಿದಳು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. "ಅವತ್ತು ಮಗು ಎತ್ಕೊಂಡಿದ್ದು ಇವರು. ತಾಯಿ ಅಂದ್ಕೊಂಡೇ ಎಲ್ಲ ಹೇಳ್ದೆ. ಇವರೂ ಹೂಂ ಅಂದ್ರು" ಎಂದು ತಗ್ಗಿದ ದನಿಯಲ್ಲಿ ಹೇಳಿ, ಕೆಲಸವಿದೆಯೆಂಬಂತೆ ಒಳಗೆ ಹೋದಳು.

"ನೀನು ತಾಯಿ ಅಂತ ಹೇಳ್ಕೊಂಡ್ಯಾ?" ಎಂದಳು ಅಮ್ಮ.

"ಹೇಳ್ಕೊಳ್ಲಿಲ್ಲ" ಎಂದಳು ಅವಳು. "ಅಲ್ಲ ಅಂತಾನೂ ಹೇಳಲಿಲ್ಲ."

ಇನ್ನೇನೋ ಕೇಳುತ್ತಾರೆ, ಡ್ರಿಲ್ ಮಾಸ್ತರ ಕೂಗಾಡುತ್ತಾನೆ, ಅಮ್ಮ ತಲೆ ಚಚ್ಚಿಕೊಳ್ಳುತ್ತಾಳೆ ಎಂದು ಅವಳು ಕಾದಳು. ಅಂಗಡಿಗೆ ಬಂದಿದ್ದ ಒಬ್ರು ಯಾರು ಎಂದು ಕೂಡ ಯಾರೂ ಕೇಳಲಿಲ್ಲ. ಡ್ರಿಲ್ ಮಾಸ್ತರ ಹೊಲಿಗೆ ಬಿಚ್ಚಿದ ಬಟ್ಟೆಯ ಹಾಗೆ ಕುಳಿತಲ್ಲೇ ಕುಸಿದ. ತಂಗಿ ಮಾತ್ರ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಕಣ್ಣುಮುಚ್ಚಾಲೆಯಾಡುವಾಗ, ಬಾಗಿಲ ಹಿಂದೆ ಅಡಗಿದ್ದ ಅಕ್ಕನನ್ನು ಹಿಡಿದಾಗ ಹೀಗೆಯೇ ನೋಡುತ್ತಿದ್ದಳು. ಒಳಗಿಂದ ಡಾಕ್ಟರು ಬಂದು, ಮಗು ಚೀಪುತ್ತಿಲ್ಲ, ಹಾಲು ಹಿಂಡಿ ಕೊಡಿ, ನಳಿಕೆಯಲ್ಲಿ ಹಾಕುತ್ತೇವೆ ಎಂದಳು. ತಂಗಿ ಎದ್ದು ಪಕ್ಕದ ಕೋಣೆಗೆ ಹೋದಳು. ಅಮ್ಮ ಹಿಂದೆ ಹೋದವಳು ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. "ನನ್ನಿಂದ ಬಟ್ಟಲು ಹಿಡಿಯೋಕಾಗಲ್ಲ. ನಿನ್ನ ಕರೀತಿದಾಳೆ" ಎಂದಳು, ಅವಳ ಮುಖ ನೋಡದೆ.

ತಂಗಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದಳು, ಹೊಲಿಗೆ ಹಾಕಿದ ಜಾಗ ನೋಯುತ್ತಿತ್ತೇನೋ, ತುಟಿ ಕಚ್ಚಿಕೊಂಡಿದ್ದಳು. "ಬಟ್ಟಲು ಹಿಡ್ಕೋ" ಎಂದಳು. ಅವಳು ಮಂಡಿಯೂರಿ ಹಿಡಿದುಕೊಂಡಳು. ಮೊದಲು ಹನಿ ಹನಿ, ಆಮೇಲೆ ಸಣ್ಣ ಎಳೆಯಾಗಿ ಹಾಲು ಬಟ್ಟಲಿನ ಅಂಚಿಗೆ ಬಡಿಯತೊಡಗಿತು.

"ಹೇಳಿದ್ರೆ ನಾನು ಕೇಳ್ತಿದ್ದೆ ಅಕ್ಕ" ಎಂದಳು ತಂಗಿ. "ನರ್ಸ್ ಹೇಳಿದ್ದು ಅಂದಿದ್ರೆ ಕೇಳ್ತಿದ್ದೆ."

"ಗೊತ್ತು."

"ಒಂದು ಹನೀನೂ ಚೆಲ್ಬೇಡ."

ಅವಳು ಚೆಲ್ಲಲಿಲ್ಲ. ತೋಳು ಜೋಮು ಹಿಡಿದರೂ ಅಲುಗಾಡಲಿಲ್ಲ. ಸಂಜೆಯ ಪರೀಕ್ಷೆಯಲ್ಲಿ ಬಿಲಿರುಬಿನ್ ಇಳಿಯತೊಡಗಿತ್ತು; ರಕ್ತ ಬದಲಾಯಿಸುವ ಮಾತು ಹಿಂದೆ ಸರಿಯಿತು. ಮಗು ಕೆಲವು ದಿನ ಬೆಳಕಿನ ಕೆಳಗಿದ್ದು, ಚೀಪುವುದನ್ನು ಮತ್ತೆ ಕಲಿತು, ಎಲ್ಲ ಮಕ್ಕಳ ಹಾಗೆ ರಚ್ಚೆ ಹಿಡಿಯುವುದನ್ನೂ ಕಲಿತು ಮನೆಗೆ ಬಂತು. ಆದರೆ ಕಿವಿಯ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಸ್ವಲ್ಪ ಬಲಿಯಲಿ ಎಂದಿದ್ದಳು ಡಾಕ್ಟರು.

ಅಷ್ಟರಲ್ಲಿ ಅವಳು ತನ್ನ ಮನೆಗೆ ಮರಳಿದ್ದಳು. ಹೋಗು ಎಂದು ಯಾರೂ ಅನ್ನಲಿಲ್ಲ; ಬಕೆಟ್ಟಿನ ಕೆಲಸವನ್ನು ಅಮ್ಮ ತಾನೇ ಮಾಡಿಕೊಳ್ಳತೊಡಗಿದಳು, ಅಷ್ಟೆ. ಪರೀಕ್ಷೆಯ ದಿನ ಯಾವುದೆಂದು ಅವಳಿಗೆ ಯಾರೂ ತಿಳಿಸಲಿಲ್ಲ. ಮೆಷಿನ್ನು ತುಳಿಯುವಾಗ ಅದರ ಸದ್ದು ಕೇಳಿಸುತ್ತಿದೆ ಎಂಬುದೇ ಅವಳಿಗೆ ಚುಚ್ಚುತ್ತಿತ್ತು. ಬೀದಿಯ ಹಾರನ್ನು, ಕುಕ್ಕರಿನ ಸೀಟಿ, ಗಂಡನ ಗೊರಕೆ, ಎಲ್ಲವೂ ಯಾವ ಅರ್ಹತೆಯೂ ಇಲ್ಲದೆ ಪುಕ್ಕಟೆ ಸಿಕ್ಕವು ಎನ್ನಿಸುತ್ತಿತ್ತು. ಪರೀಕ್ಷೆ ಆಗಿ ಹೋಯಿತೆಂದು ಮಾರುಕಟ್ಟೆಯಲ್ಲಿ ಸಿಕ್ಕ ಅಮ್ಮನ ನೆರೆಮನೆಯವರಿಂದ ಗೊತ್ತಾಯಿತು. ಏನಂದರಂತೆ ಎಂದು ಕೇಳಲು ಅವಳ ಬಾಯಿ ಏಳಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ತಂಗಿಯ ಮನೆಗೆ ನಡೆದಳು.

ಬಾಗಿಲು ತೆರೆದೇ ಇತ್ತು. ಮಗು ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿ, ಅತ್ತ ಮುಖ ಮಾಡಿ, ತನ್ನದೇ ಮುಷ್ಟಿಯನ್ನು ತದೇಕಚಿತ್ತದಿಂದ ನೋಡುತ್ತಿತ್ತು. ಕೆನ್ನೆ ತುಂಬಿಕೊಂಡಿತ್ತು, ಚರ್ಮ ಯಾವ ಬೆಳಕಿನಲ್ಲೂ ಅನುಮಾನವಿಲ್ಲದ ಬಣ್ಣದ್ದಾಗಿತ್ತು. ಕರೆಯಬೇಕು. ಚಪ್ಪಾಳೆ ತಟ್ಟಬಹುದು, ಚಿಟಿಕೆ ಹೊಡೆಯಬಹುದು, ಬಳೆ ಅಲ್ಲಾಡಿಸಬಹುದು. ಅವಳು ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಹೊಸ್ತಿಲ ಮೇಲೆ, ಉಸಿರೂ ಸದ್ದಾಗದ ಹಾಗೆ ನಿಂತಳು. ಸದ್ದು ಮಾಡದಿರುವ ತನಕ ಮಗುವಿಗೆ ಎಲ್ಲವೂ ಕೇಳಿಸುತ್ತದೆ.

ತಂಗಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಎಡಗಿವಿ ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕಂತೆ" ಎಂದಳು. "ಬಲಗಡೆಯಿಂದ ಕರಿ."

ಅವಳು ಚಾಪೆಯನ್ನು ಸುತ್ತಿ ಬಲಗಡೆಗೆ ಬಂದು, ಮಗುವಿಗೆ ಕಾಣದಷ್ಟು ಹಿಂದಕ್ಕೆ ಸರಿದು ಕುಳಿತಳು. ಏನೆಂದು ಕರೆಯುವುದು? ಹಾಡು, ಮುದ್ದು ಹೆಸರು, ಏನೂ ಬಾಯಿಗೆ ಬರಲಿಲ್ಲ. ತಾನು ಯಾರೆಂದಷ್ಟೇ ಹೇಳಬಹುದು ಅನ್ನಿಸಿತು. ಇಷ್ಟು ದಿನ ಯಾರೂ ಅವಳನ್ನು ಆ ಹೆಸರಿನಿಂದ ಮಗುವಿಗೆ ತೋರಿಸಿಕೊಟ್ಟಿರಲಿಲ್ಲ, ಅವಳಾಗಿಯೂ ಹೇಳಿಕೊಂಡಿರಲಿಲ್ಲ.

"ದೊಡ್ಡಮ್ಮ" ಎಂದಳು. ದನಿ ಸರಿಯಾಗಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. "ನಾನು ಕಣೋ, ದೊಡ್ಡಮ್ಮ."

ಮುಷ್ಟಿ ಗಾಳಿಯಲ್ಲೇ ನಿಂತಿತು. ಮಗು ನಿಧಾನವಾಗಿ, ಇಡೀ ಮೈಯನ್ನೇ ಹೊರಳಿಸುವಷ್ಟು ಕಷ್ಟಪಟ್ಟು, ದನಿ ಬಂದ ಕಡೆಗೆ ತಲೆ ತಿರುಗಿಸಿ ಅವಳನ್ನು ನೋಡಿತು. ಅಕ್ಕ ತಂಗಿ ಇಬ್ಬರೂ ಆ ತಿರುಗಿದ ಮುಖವನ್ನೇ ನೋಡುತ್ತ ಉಳಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.